ಕಲ್ಲಿದ್ದಲ ಊರಿನ ಸಂಸದನ ಜಾಡಿನಲ್ಲಿ

ಲಂಡನ್ನಿನ ವೆಸ್ಟ್‌ಮಿನ್‌ಸ್ಟರ್ ಹಾಲ್‌ಗೆ ಕಾಲಿಟ್ಟ ಕೂಡಲೇ ಕತ್ತು ತಾನಾಗಿ ಮೇಲಕ್ಕೆ ಹೋಗುತ್ತದೆ. ಆರು ಶತಮಾನಗಳಷ್ಟು ಹಳೆಯ ಓಕ್ ಮರದ ಮಾಡು, ನಡುವೆ ಒಂದೇ ಒಂದು ಕಂಬವಿಲ್ಲದೆ ನಿಂತಿದೆ! ಹೊರಗಿನ ತಪಾಸಣೆಯಲ್ಲಿ ಬೆಲ್ಟು, ಚಿಲ್ಲರೆ, ಛತ್ರಿ ಎಲ್ಲವನ್ನೂ ಟ್ರೇಗೆ ಸುರಿದು, ಮತ್ತೆ ಒಂದೊಂದಾಗಿ ಹೆಕ್ಕಿಕೊಂಡ ರಗಳೆ ಆ ಮಾಡಿನ ಕೆಳಗೆ ಮರೆತೇ ಹೋಗುತ್ತದೆ. ಅಲ್ಲಿಂದ ಮುಂದೆ ಹಸಿರು ಬೆಂಚುಗಳ ಕಾಮನ್ಸ್ ಸಭೆ. ಹಳೆಯ ಸಭಾಂಗಣ 1941ರ ಬಾಂಬ್ ದಾಳಿಯಲ್ಲಿ ಸುಟ್ಟುಹೋಗಿ, ಈಗಿನದನ್ನು ಮತ್ತೆ ಕಟ್ಟಿದ್ದಾರೆ.

ನಾನು ಬಂದಿರುವುದು ಒಂದು ಟೋಪಿಯ ಕಥೆಯ ಬೆನ್ನು ಹತ್ತಿ. 1892ರಲ್ಲಿ ಲಂಡನ್ನಿನ ವೆಸ್ಟ್ ಹ್ಯಾಮ್ ದಕ್ಷಿಣ ಕ್ಷೇತ್ರದಿಂದ ಗೆದ್ದ ಸ್ಕಾಟ್ಲೆಂಡಿನ ಗಣಿ ಕಾರ್ಮಿಕ ಕೀರ್ ಹಾರ್ಡಿ ಸಂಸತ್ತಿನ ಇದೇ ಅರಮನೆಗೆ ಬಂದರು. ಉಳಿದ ಸದಸ್ಯರದು ಉದ್ದನೆಯ ಕರಿ ಕೋಟು, ಎತ್ತರದ ರೇಷ್ಮೆ ಹ್ಯಾಟು. ಇವರದು ಟ್ವೀಡ್ ಬಟ್ಟೆ, ಸಾದಾ ಟೋಪಿ. ಬಾಗಿಲಲ್ಲಿದ್ದ ಪೊಲೀಸ್, ಚಾವಣಿ ರಿಪೇರಿಗೆ ಬಂದವನಿರಬೇಕು ಎಂದುಕೊಂಡು ವಿಚಾರಿಸಿದನಂತೆ. ತನ್ನ ಕೆಲಸ ಚಾವಣಿಯ ಮೇಲಲ್ಲ, ಕೆಳಗೆ ಸಭೆಯಲ್ಲಿ ಎಂದು ಹಾರ್ಡಿ ಹೇಳಿದರಂತೆ. ಈ ಕಥೆಯನ್ನು ಇಂದಿಗೂ ಹೇಳುತ್ತಾರೆ. ಆ ಟೋಪಿ ಯಾವ ಊರಿಂದ ಬಂತೋ ಆ ಊರನ್ನು ನೋಡಲೇಬೇಕೆನಿಸಿ ಉತ್ತರಕ್ಕೆ ರೈಲು ಹತ್ತುತ್ತೇನೆ.

ಯೂಸ್ಟನ್‌ನಿಂದ ಗ್ಲಾಸ್ಗೋಗೆ ಐದು ಗಂಟೆಯ ಆಸುಪಾಸಿನ ಹಾದಿ. ಕಿಟಕಿಯಾಚೆ ಕುರಿಗಳು, ಕಲ್ಲುಬೇಲಿಗಳು, ಕೊನೆಗೆ ಬೋಳು ಬೆಟ್ಟಗಳು. ಗ್ಲಾಸ್ಗೋ ಸೆಂಟ್ರಲ್‌ನಲ್ಲಿ ಇಳಿದರೆ ಗಾಜಿನ ಮಾಡಿನಡಿ ಜನಜಂಗುಳಿ. ಹಾರ್ಡಿಯ ಬಾಲ್ಯ ಈ ನಗರದಲ್ಲೂ ಕಳೆದಿದೆ. ತಾಯಿ ಮೇರಿ ಕೀರ್ ಹೊಲಮನೆಗಳಲ್ಲಿ ಆಳಾಗಿ ದುಡಿದಾಕೆ, ಮಲತಂದೆ ಹಡಗಿನ ಬಡಗಿ. ಹುಡುಗ ಎಳೆಯ ವಯಸ್ಸಿಗೇ ದುಡಿಮೆಗೆ ಬಿದ್ದ. ಬ್ರೆಡ್ ಅಂಗಡಿಯಲ್ಲಿ ಕೆಲಸಕ್ಕಿದ್ದಾಗ, ಮನೆಯಲ್ಲಿ ತಮ್ಮನಿಗೆ ಕಾಯಿಲೆಯಾಗಿ ತಡವಾಗಿ ಹೋದದ್ದಕ್ಕೆ ಮಾಲೀಕ ಕೆಲಸದಿಂದ ತೆಗೆದು, ವಾರದ ಕೂಲಿಯನ್ನೂ ಹಿಡಿದುಕೊಂಡ. ಆಗ ಮಾಲೀಕನ ಮನೆಯವರೆಲ್ಲ ತುಂಬಿದ ಮೇಜಿನ ಸುತ್ತ ಕುಳಿತು ತಿಂಡಿ ತಿನ್ನುತ್ತಿದ್ದರು. ಹಾರ್ಡಿ ಆ ಬೆಳಗನ್ನು ಕೊನೆಯವರೆಗೂ ಮರೆಯಲಿಲ್ಲ.

ಇನ್ನೊಂದು ರೈಲು ಹತ್ತಿ ಕಿಲ್ಮಾರ್ನಾಕ್ ದಾಟಿ ಆಕಿನ್‌ಲೆಕ್‌ನಲ್ಲಿ ಇಳಿಯುತ್ತೇನೆ. ಹಾರ್ಡಿಯ ಊರು ಕಮ್ನಕ್‌ಗೆ ಈಗ ಸ್ವಂತ ರೈಲು ನಿಲ್ದಾಣವಿಲ್ಲ. ಇಳಿದ ತಕ್ಷಣ ಮಳೆ. ಮೇಲಿಂದ ಬೀಳದೆ ಅಡ್ಡಡ್ಡ ಬರುವ ಮಳೆ! ಛತ್ರಿ ಬಿಚ್ಚಿದೊಡನೆ ಗಾಳಿ ಅದನ್ನು ತಲೆಕೆಳಗು ಮಾಡಿ ಕಡ್ಡಿಗಳನ್ನು ಎಣಿಸುತ್ತದೆ. ಬಸ್ ತಂಗುದಾಣದಲ್ಲಿ ನಿಂತಿದ್ದ ಅಜ್ಜನೊಬ್ಬರು ಮಡಚಿ ಒಳಗಿಟ್ಟುಕೊಳ್ಳಿ ಎಂದು ಸನ್ನೆ ಮಾಡುತ್ತಾರೆ. ಅವರ ಮಾತು ನಾಲ್ಕು ಸಲ ಕೇಳಿಸಿಕೊಂಡ ಮೇಲೆ ಅರ್ಥವಾಗುತ್ತದೆ: ಅವರೂ ಗಣಿಯಲ್ಲಿ ದುಡಿದವರೇ. ಊರಾಚೆಗಿನ ಬ್ಯಾರನಿ ಗಣಿಯ ಕಬ್ಬಿಣದ ಗೋಪುರವನ್ನು ನೋಡದೆ ಹೋಗಬೇಡಿ ಎನ್ನುತ್ತಾರೆ.

ಹೋಗುತ್ತೇನೆ. ಹುಲ್ಲುಗಾವಲಿನ ನಡುವೆ, ಕಾಲಗಲಿಸಿ ನಿಂತ ಭಾರಿ ಉಕ್ಕಿನ ಚೌಕಟ್ಟು, ನೆತ್ತಿಯಲ್ಲಿ ರಾಟೆಗಾಲಿಗಳು. ನಮ್ಮ ಕೆಜಿಎಫ್‌ನ ಶಾಫ್ಟ್‌ಗಳ ಮೇಲೆ ನಿಂತಿರುವ ಚಕ್ರದ ಗೋಪುರಗಳೇ ಕಣ್ಮುಂದೆ ಬರುತ್ತವೆ. ಅಲ್ಲಿ ಚಿನ್ನ, ಇಲ್ಲಿ ಕಲ್ಲಿದ್ದಲು. 1962ರಲ್ಲಿ ಇಲ್ಲಿ ಶಾಫ್ಟ್ ಕುಸಿದು ನಾಲ್ವರು ಸತ್ತರು, 1989ರಲ್ಲಿ ಗಣಿಗೆ ಬೀಗ ಬಿತ್ತು. ಹಾರ್ಡಿ ದುಡಿದದ್ದು ಮಾತ್ರ ಇಲ್ಲಲ್ಲ, ಲಾನಾರ್ಕ್‌ಶೈರಿನ ಗಣಿಗಳಲ್ಲಿ. ಹತ್ತರ ಹುಡುಗನಿಗೆ ಸಿಕ್ಕ ಮೊದಲ ಕೆಲಸವೆಂದರೆ ಗಾಳಿಯಾಡಿಸುವ ಬಾಗಿಲೊಂದನ್ನು ತೆಗೆದು ಮುಚ್ಚುತ್ತಾ ಕತ್ತಲಲ್ಲಿ ಒಂಟಿಯಾಗಿ ಕೂರುವುದು. ದೊಡ್ಡವನಾಗುತ್ತಾ ಅದೇ ಕತ್ತಲಲ್ಲಿ ಶೀಘ್ರಲಿಪಿ ಕಲಿತ. ಕಲ್ಲನ್ನು ದೀಪದ ಹೊಗೆಗೆ ಹಿಡಿದು ಕಪ್ಪು ಮಾಡಿ, ಬತ್ತಿ ಸರಿಪಡಿಸುವ ತಂತಿಯಿಂದ ಅದರ ಮೇಲೆ ಗೀಚುವುದು, ಅಳಿಸುವುದು, ಮತ್ತೆ ಹೊಗೆಗೆ ಹಿಡಿಯುವುದು. ಮಳೆಯಲ್ಲಿ ನಿಂತು ಆ ಗೋಪುರ ನೋಡುವಾಗ ಆ ಕಲ್ಲಿನ ಚೂರೇ ನನಗೆ ಅದಕ್ಕಿಂತ ದೊಡ್ಡದಾಗಿ ಕಾಣುತ್ತದೆ.

ಬಸ್ಸಿನಲ್ಲಿ ಕಮ್ನಕ್ ಕೆಲವೇ ನಿಮಿಷ. ಊರ ಚೌಕದ ನಡುವೆ ಹಳೆಯ ಚರ್ಚು, ಸುತ್ತ ಬೂದುಗಲ್ಲಿನ ಅಂಗಡಿಗಳು. ಮುಂದೆ ಟೌನ್ ಹಾಲ್ ಎದುರು ಹಾರ್ಡಿಯೇ! ಬೆನ್ನೊ ಶಾಟ್ಸ್ ಎಂಬ ಶಿಲ್ಪಿ ಮಾಡಿದ, 1939ರ ಕಂಚಿನ ಮುಖ. ತುಂಬು ಗಡ್ಡದ ಎಳೆಎಳೆಯಲ್ಲೂ ಮಳೆನೀರು ಇಳಿಯುತ್ತಿದೆ. ಈ ಊರಿಗೆ ಅವರು ಗಣಿ ಕಾರ್ಮಿಕರ ಸಂಘ ಕಟ್ಟಲು ಬಂದರು, ಪತ್ರಿಕೆಗೆ ಬರೆದು ಹೊಟ್ಟೆ ಹೊರೆದರು. 1888ರಲ್ಲಿ ಮಿಡ್ ಲಾನಾರ್ಕ್ ಉಪಚುನಾವಣೆಗೆ ನಿಂತಾಗ ಸಿಕ್ಕಿದ್ದು ಬರೀ 617 ಮತ. ನಾಲ್ಕೇ ವರ್ಷಕ್ಕೆ ಸಂಸತ್ತು!

ಗೆದ್ದ ಮೇಲೆ ಅವರು ಸುಮ್ಮನೆ ಕೂರಲಿಲ್ಲ. 1894ರ ಜೂನ್ 23ರಂದು ವೇಲ್ಸ್‌ನ ಕಿಲ್ವನಿದ್ ಗಣಿಯಲ್ಲಿ ಸ್ಫೋಟವಾಗಿ 290 ಮಂದಿ ಸತ್ತರು. ಅದೇ ದಿನ ರಾಜಮನೆತನದಲ್ಲಿ ಗಂಡುಮಗು ಹುಟ್ಟಿತು. ಸಭೆ ಮಗುವಿಗೆ ಅಭಿನಂದನೆ ಸಲ್ಲಿಸಲು ಸಜ್ಜಾದಾಗ, ಸತ್ತವರ ಮನೆಯವರಿಗೂ ಒಂದು ಸಂತಾಪದ ಮಾತು ಸೇರಿಸಿ ಎಂದು ಹಾರ್ಡಿ ಕೇಳಿದರು. ಸಭೆ ಒಪ್ಪಲಿಲ್ಲ. ಅವರು ಎದ್ದು ನಿಂತು ಮಾತಾಡಿದಾಗ ಸುತ್ತಲಿಂದ ಕೂಗಾಟ. ಮರುವರ್ಷ ಸೋತರು. 1900ರಲ್ಲಿ ವೇಲ್ಸ್‌ನ ಮರ್ತರ್ ಟಿಡ್‌ವಿಲ್ ಅವರನ್ನು ಮತ್ತೆ ಗೆಲ್ಲಿಸಿತು. 1906ರಲ್ಲಿ 29 ಸದಸ್ಯರ ಲೇಬರ್ ಪಕ್ಷಕ್ಕೆ ಸಂಸತ್ತಿನಲ್ಲಿ ಮೊದಲ ನಾಯಕರಾದರು.

ಹಾರ್ಡಿಗೆ ಸಂಬಂಧಿಸಿದ ವಸ್ತುಗಳ ಸಂಗ್ರಹ ಇಲ್ಲಿನ ಬೇರ್ಡ್ ಇನ್‌ಸ್ಟಿಟ್ಯೂಟ್‌ನದು. ಅಲ್ಲಿ ಹಾರ್ಡಿಯ ಹೆಸರು ಕಂಡದ್ದೇ ಅವರ ಭಾರತ ಪ್ರವಾಸ ನೆನಪಿಗೆ ಬರುತ್ತದೆ. ಆರೋಗ್ಯ ಸುಧಾರಿಸಿಕೊಳ್ಳಲೆಂದು ಲೋಕ ಸುತ್ತಲು ಹೊರಟ ಅವರು 1907ರಲ್ಲಿ ನಮ್ಮ ದೇಶಕ್ಕೂ ಬಂದಿದ್ದರು. ವಿಭಜನೆಯ ಸಿಟ್ಟಿನಲ್ಲಿ ಕುದಿಯುತ್ತಿದ್ದ ಬಂಗಾಳದಲ್ಲಿ ಓಡಾಡಿ, ಕೆನಡಾದಂತೆ ಭಾರತವೂ ತನ್ನನ್ನು ತಾನೇ ಆಳಿಕೊಳ್ಳಬೇಕು ಎಂದರು. ಲಂಡನ್ನಿನ ಪತ್ರಿಕೆಗಳು ಕೆಂಡ ಕಾರಿದವು. ಅವರು ಜಗ್ಗದೆ, 1909ರಲ್ಲಿ ಭಾರತದ ಬಗ್ಗೆ ಪುಸ್ತಕವನ್ನೇ ತಂದರು. ಹಾರ್ಡಿ ಹುಟ್ಟಿದ್ದು 1856ರ ಆಗಸ್ಟ್ 15ರಂದು ಎಂಬುದು ನೆನಪಾದಾಗ ನಾನು ನಿಂತಲ್ಲೇ ನಗುತ್ತೇನೆ. ನಮಗೆ ಅದೇ ತಾರೀಖಿನಂದು ಸ್ವಾತಂತ್ರ್ಯ ಬಂದಾಗ ಲಂಡನ್ನಿನಲ್ಲಿದ್ದದ್ದು ಲೇಬರ್ ಸರ್ಕಾರ!

ಕೊನೆಯ ನಿಲುಗಡೆ ಆಕಿನ್‌ಲೆಕ್ ರಸ್ತೆಯ ಲಾಕ್‌ನಾರಿಸ್, ಹಾರ್ಡಿಯ ಮನೆ. ಬೂದುಗಲ್ಲಿನ ಗಟ್ಟಿ ಗೋಡೆ, ಎದುರಿಗೆ ವಾಹನಗಳ ಸದ್ದು. ಮನೆಯವರಿಗೆ ತೊಂದರೆಯಾಗದಂತೆ ರಸ್ತೆಯಿಂದಲೇ ನೋಡುತ್ತೇನೆ. 1911ರವರೆಗೆ ಬ್ರಿಟಿಷ್ ಸಂಸದರಿಗೆ ಸಂಬಳವೇ ಇರಲಿಲ್ಲ. ಗಂಡ ಲಂಡನ್ನಿನಲ್ಲಿ ಸಭೆ, ಪತ್ರಿಕೆ ಎಂದು ಓಡಾಡುತ್ತಿದ್ದಾಗ ಹೆಂಡತಿ ಲಿಲ್ಲಿ ಇಲ್ಲಿ ಕೈಗೆ ಬಂದಷ್ಟರಲ್ಲೇ ಸಂಸಾರ ತೂಗಿಸಿದರು. ಹಾರ್ಡಿ ಮಹಾಯುದ್ಧವನ್ನು ವಿರೋಧಿಸಿ, ತಮ್ಮದೇ ಮತದಾರರಿಂದ ಬೈಸಿಕೊಂಡು, 1915ರಲ್ಲಿ ಗ್ಲಾಸ್ಗೋದಲ್ಲಿ ತೀರಿಕೊಂಡರು. ಸಂಸತ್ತು ಸೇರಿ ಊರನ್ನು ಮರೆತವರನ್ನು ನಾವೆಲ್ಲ ಬೇಕಾದಷ್ಟು ನೋಡಿದ್ದೇವೆ. ಇವರು ಊರಿನ ಬಟ್ಟೆ, ಊರಿನ ಸಾವುನೋವು, ಊರಿನ ಕೂಲಿಯ ಲೆಕ್ಕ ಎಲ್ಲವನ್ನೂ ಸಂಸತ್ತಿನೊಳಗೆ ಕರೆದೊಯ್ದರು. ಲಂಡನ್ ನೋಡಲು ಬರುವ ಕನ್ನಡಿಗರು ಟಿಕೆಟ್ಟನ್ನು ಕಮ್ನಕ್‌ವರೆಗೆ ಬೆಳೆಸಲಿ. ಆ ದೊಡ್ಡ ಅರಮನೆ ಯಾರ ಸಲುವಾಗಿ ಇರಬೇಕು ಎಂಬುದು ಈ ಸಣ್ಣ ಊರಿನಲ್ಲಿ ಚೆನ್ನಾಗಿ ತಿಳಿಯುತ್ತದೆ.