ಹಠ ಹಿಡಿದ ಸ್ಕ್ರೂ

ಹೊನ್ನಾಳಿ, ಚನ್ನಗಿರಿಗಳು ಶಿವಮೊಗ್ಗ ಜಿಲ್ಲೆಗೇ ಸೇರಿದ್ದ ಕಾಲ. 1997ರಲ್ಲಿ ದಾವಣಗೆರೆ ಜಿಲ್ಲೆಯಾಗುವುದಕ್ಕೆ ಮೊದಲಿನ ಮಾತಿದು. ನ್ಯಾಮತಿ ಸಮೀಪದ ನಮ್ಮ ಹೊಲಕ್ಕೆ ಕಾಡುಹಂದಿಗಳ ಕಾಟವಿತ್ತು. ಬೆಳೆ ರಕ್ಷಣೆಗೆಂದು ಪರವಾನಗಿ ಪಡೆದ ಜೋಡುನಳಿಗೆಯ ಕೋವಿಯೊಂದು ತಂದೆಯವರ ಬಳಿ ಇತ್ತು.

ಒಮ್ಮೆ ಅದರ ಸೇಫ್ಟಿ ಗುಂಡಿ ಸವೆದು, ಹಿಂದಕ್ಕೆ ಎಳೆದರೂ ನಿಲ್ಲದೆ ಜಾರತೊಡಗಿತು. ಮನೆಯಲ್ಲಿ ಅಣ್ಣನ ಚಿಕ್ಕ ಮಕ್ಕಳು. ತಂದೆಯವರು ಊರಲ್ಲಿಲ್ಲದ ದಿನ, ಬಿ.ಎಡ್. ಮುಗಿಸಿದ ಹುಮ್ಮಸ್ಸಿನಲ್ಲಿ ನಾನೇ ಬಿಚ್ಚಲು ಕುಳಿತೆ. ನಳಿಗೆ ಮಡಚಿ, ಒಳಗೆ ತೋಟಾ ಇಲ್ಲವೆಂದು ನೋಡಿಕೊಂಡದ್ದೊಂದೇ ನಾನು ಮಾಡಿದ ಸರಿಯಾದ ಕೆಲಸ. ಕೋವಿಯ ಸ್ಕ್ರೂಗಳ ಗೀರು ಬಲು ಕಿರಿದು. ಮನೆಯ ಸ್ಕ್ರೂಡ್ರೈವರಿನ ದಪ್ಪ ತುದಿ ಅದರ ತಳ ಮುಟ್ಟಲಿಲ್ಲ. ಬಲ ಹಾಕಿದೆ, ತುದಿ ಜಾರಿ ಗೀರಿನ ಅಂಚೇ ಕಿತ್ತುಹೋಯಿತು.

ತಂದೆಯವರು ಬೈಯಲಿಲ್ಲ. ಕೋವಿಯ ರಿಪೇರಿಗೂ ಪರವಾನಗಿ ಬೇಕೆಂಬುದು 1959ರ ಆಯುಧ ಕಾಯ್ದೆಯ ನಿಯಮವೆಂದು ಹೇಳಿ, ಅಂಥ ಪರವಾನಗಿಯುಳ್ಳ ಹಿರಿಯರೊಬ್ಬರ ಬಳಿಗೆ ನನ್ನನ್ನೂ ಕರೆದೊಯ್ದರು. ಅವರು ಸ್ಕ್ರೂವಿಗೆ ಎಣ್ಣೆ ಬಿಟ್ಟು ರಾತ್ರಿಯಿಡೀ ಹಾಗೆಯೇ ಇಟ್ಟರು. ಮರುದಿನ ಸ್ಕ್ರೂಡ್ರೈವರಿನ ತುದಿಯನ್ನು ಗೀರಿಗೆ ತಕ್ಕಂತೆ ಅರದಿಂದ ಉಜ್ಜಿ, ಸ್ಕ್ರೂವಿನ ತಲೆಗೆ ಮೆಲ್ಲಗೆ ತಟ್ಟಿ, ಮೇಲಿನಿಂದ ಒತ್ತಿಹಿಡಿದು ತಿರುಗಿಸಿದರು. ಅದು ಸಲೀಸಾಗಿ ಬಂತು. “ಹಠ ಅದರದ್ದಲ್ಲ ಮೇಷ್ಟ್ರೇ, ನಿಮ್ಮದು” ಎಂದು ನಕ್ಕರು.

ಮುಂದೆ ತರಗತಿಯಲ್ಲಿ ಯಾವನಾದರೂ ಹುಡುಗ ಎಷ್ಟು ಕೇಳಿದರೂ ಬಾಯಿ ಬಿಡದಿದ್ದಾಗ, ಅಂಚು ಕಿತ್ತ ಆ ಸ್ಕ್ರೂ ನೆನಪಾಗುತ್ತಿತ್ತು. ಬೆತ್ತವನ್ನು ಮೇಜಿನ ಮೇಲಿಟ್ಟು, ಮರುದಿನದವರೆಗೆ ಕಾಯುತ್ತಿದ್ದೆ.