ಒಂದೇ ಗಣಕ, ಎರಡು ಸಂಸಾರ

ವಾಸ್ಕೋದ ನಮ್ಮ ಬಾಡಿಗೆ ಮನೆಯ ಹಳೇ ಲ್ಯಾಪ್‌ಟಾಪಿನಲ್ಲಿದ್ದುದು ವಿಂಡೋಸ್ 10. 2025ರ ಅಕ್ಟೋಬರ್ 14ಕ್ಕೆ ಅದರ ಸಾಮಾನ್ಯ ಬೆಂಬಲ ನಿಂತಿತು. ಅದರ ಪಕ್ಕದಲ್ಲೇ ಲಿನಕ್ಸನ್ನೂ ಇಡೋಣವೆಂದು ಅಣ್ಣ-ತಂಗಿ ನಾವಿಬ್ಬರೂ ಹೊರಟೆವು. ಆದರೆ ತೀರಿಹೋದ ಅಜ್ಜಿಯ ಬೀಸುವ ಪದಗಳು ಇದ್ದದ್ದು ಅದೊಂದರಲ್ಲೇ! ಮೊದಲು ಅವನ್ನು ಪೆನ್‌ಡ್ರೈವಿಗೆ ನಕಲು ಮಾಡಿ, ತೆರೆದು ಕೇಳಿದೆವು. ಅವ್ವ ಸೆರಗಿನಿಂದ ಕಣ್ಣೊರೆಸಿಕೊಂಡಳು.

ಬಳಿಕ ವಿಂಡೋಸಿನ ಡಿಸ್ಕ್ ಮ್ಯಾನೇಜ್‌ಮೆಂಟಿನಲ್ಲಿ ಸಿ ವಿಭಾಗವನ್ನು ಕುಗ್ಗಿಸಹೋದರೆ, ಅರ್ಧ ಡಿಸ್ಕು ಖಾಲಿಯಿದ್ದರೂ ಬಿಟ್ಟುಕೊಟ್ಟದ್ದು 4 ಜಿಬಿ ಮಾತ್ರ. ಖಾಲಿ ಕದಂಬ ಬಸ್ಸಿನ ಹಿಂದಿನ ಸೀಟಿನಲ್ಲಿ ಮಲಗಿದವನಂತೆ, ಜರುಗದ ಕಡತಗಳು ಕೊನೆಯಲ್ಲಿ ಕೂತಿದ್ದವು. ಹೈಬರ್ನೇಶನ್, ಪೇಜ್‌ಫೈಲುಗಳನ್ನು ತಾತ್ಕಾಲಿಕವಾಗಿ ನಿಲ್ಲಿಸಿ ಮರುಚಾಲನೆ ಮಾಡಿದೆವು. 40 ಜಿಬಿ ಸಿಕ್ಕಿತು. ಲಿನಕ್ಸ್ ಹಾಕುವಾಗ ‘ಇಡೀ ಡಿಸ್ಕ್ ಅಳಿಸಲೇ?’ ಎಂಬ ಆಯ್ಕೆ ಕಂಡು ಬೆರಳು ನಡುಗಿತು. ಖಾಲಿ ಜಾಗವನ್ನಷ್ಟೇ ತೋರಿಸಿದೆವು.

ಪರದೆಯ ಮೇಲೆ ಎರಡು ಹೆಸರು ಮೂಡಿದವು. ನಾವು ಮೊದಲು ಒತ್ತಿದ್ದು ವಿಂಡೋಸನ್ನೇ. ಅಜ್ಜಿ ಹಾಡಿದಳು.