ಗುಡ್ಡ ಕಾದರೆ ಬಾವಿ ಕಾಯ್ದೀತು

ಮನುಷ್ಯನು ತಾನು ಬಾಳುವ ನೆಲವನ್ನು ತಿದ್ದುತ್ತಾನೆ. ಆ ನೆಲವೂ ಅವನ ಬಾಳನ್ನು ತಿದ್ದುತ್ತದೆ. ಬಯಲುಸೀಮೆಯ ಎರೆಭೂಮಿಯಲ್ಲಿ ಬೆಳೆದು, ಉದ್ಯೋಗನಿಮಿತ್ತ ಘಟ್ಟವಿಳಿದು ಬಂಟ್ವಾಳ ಸೀಮೆಯಲ್ಲಿ ನೆಲೆಸಿದ ನಮಗೆ ಈ ಸತ್ಯ ನಿಧಾನವಾಗಿ ಮನವರಿಕೆಯಾಯಿತು. ನಮ್ಮೂರಿನಲ್ಲಿ ಮಳೆ ಬಾರದಿರುವುದೇ ಚಿಂತೆ. ಇಲ್ಲಿ ಸುರಿದ ಮಳೆಯನ್ನು ಬೇಸಗೆಯವರೆಗೆ ಉಳಿಸಿಕೊಳ್ಳುವುದೇ ಚಿಂತೆ.

ಇಲ್ಲಿಯ ಹಿರಿಯರು ನೀರಿನ ನೆಲೆಯನ್ನರಿತು ಗದ್ದೆಗಳನ್ನು ಮೂರು ಬಗೆಯಾಗಿ ವಿಂಗಡಿಸಿದ್ದರು. ಎತ್ತರದ ಬೆಟ್ಟುಗದ್ದೆಗೆ ಮಳೆಯೊಂದೇ ಆಧಾರ, ಒಂದೇ ಬೆಳೆ. ನಡುವಣ ಮಜಲಿಗೆ ಎರಡು. ತಗ್ಗಿನ ಬೈಲಿಗೆ ಏಣೆಲು, ಸುಗ್ಗಿ, ಕೊಳಕೆ ಎಂದು ಮೂರು. ಮಳೆಗಾಲ ಕಳೆದೊಡನೆ ಊರವರು ಕೂಡಿ ಕಲ್ಲು, ಮಣ್ಣು, ಮರಗಳಿಂದ ತೋಡಿಗೆ ಕಟ್ಟ ಹಾಕುತ್ತಿದ್ದರು. ಗುಡ್ಡದ ಸೊಪ್ಪು ಹಟ್ಟಿಗೆ, ಹಟ್ಟಿಯ ಗೊಬ್ಬರ ಗದ್ದೆಗೆ. ಹೀಗೆ ಗುಡ್ಡ, ಗದ್ದೆ, ಮನೆ ಒಂದೇ ಸಂಸಾರವಾಗಿದ್ದವು. ಕೊಡಲಿ ತಾಗದ ನಾಗಬನಗಳು ಹಳೆಯ ಕಾಡಿನ ಕುರುಹಾಗಿ ಉಳಿದವು.

ಮೂಡಬಿದಿರೆಯ ಹೆಸರಿನಲ್ಲಿಯೇ ಬಿದಿರಿದೆ. ಅಲ್ಲಿ 1430ರಲ್ಲಿ ಎದ್ದ ಸಾವಿರ ಕಂಬದ ಬಸದಿಯ ಇಳಿಜಾರು ಮಾಡುಗಳನ್ನು ನೋಡಿದರೆ, ಮಳೆಯೇ ಶಿಲ್ಪಿಗೆ ಪಾಠ ಹೇಳಿದಂತೆ ತೋರುತ್ತದೆ. ಬಂಟ್ವಾಳವನ್ನು ವ್ಯಾಪಾರದ ಪೇಟೆಯಾಗಿ ಬೆಳೆಸಿದ್ದು ನೇತ್ರಾವತಿಯ ದೋಣಿಮಾರ್ಗ; 1923ರ ಮಹಾಪ್ರವಾಹದಲ್ಲಿ ಆ ಪೇಟೆಯನ್ನು ಹಾಳುಗೆಡವಿದ್ದೂ ಅದೇ ನದಿ. 1974ರಲ್ಲಿ ಮತ್ತೆ ನೆರೆ ಬಂದಿತು. 2019ರ ಆಗಸ್ಟಿನಲ್ಲಿ ಬೆಳ್ತಂಗಡಿ ತಾಲೂಕಿನ ಚಾರ್ಮಾಡಿ ಆಸುಪಾಸಿನಲ್ಲಿ ಗುಡ್ಡಗಳು ಜರಿದು, ಮರಮಣ್ಣುಗಳೊಡನೆ ನೀರು ತೋಟಗಳಿಗೆ ನುಗ್ಗಿತು.

ಈಗ ಎಷ್ಟೋ ಗದ್ದೆಗಳು ಅಡಕೆ ತೋಟಗಳಾಗಿವೆ, ಗುಡ್ಡಗಳಲ್ಲಿ ರಬ್ಬರು ಬೆಳೆದಿದೆ, ಕೊಳವೆಬಾವಿಗಳು ಹೆಚ್ಚಿವೆ. ಬದುಕಿಗಾಗಿ ಬೆಳೆ ಬದಲಿಸಿದ ರೈತನನ್ನು ದೂರುವುದು ತರವಲ್ಲ. ಗದ್ದೆಯ ಕೂಲಿಗೆ ಜನ ಸಿಗದ ಕಷ್ಟ ಅವನಿಗೇ ಗೊತ್ತು. ಆದರೆ ಗದ್ದೆಯಲ್ಲಿ ತಿಂಗಳುಗಟ್ಟಲೆ ನಿಂತ ನೀರು ಸದ್ದಿಲ್ಲದೆ ಸುತ್ತಲ ಬಾವಿಗಳಿಗೆ ಇಳಿಯುತ್ತಿತ್ತೆಂಬುದನ್ನು ಮರೆಯಲಾಗದು. ನಮ್ಮ ಮನೆಯ ಕೆಳಗಣ ಬೈಲಿಗೆ ಮಣ್ಣು ತುಂಬಿಸಿ ಕಟ್ಟಡ ಕಟ್ಟಿದ ಮೇಲೆ, ಮೇ ತಿಂಗಳವರೆಗೂ ನೀರು ಕೊಡುತ್ತಿದ್ದ ಬಾವಿ ಮಾರ್ಚಿಯಲ್ಲಿಯೇ ತಳ ಕಾಣಿಸತೊಡಗಿತು. ಕೊಡ ಹಿಡಿದು ನೆರೆಮನೆಗೆ ಹೋಗಬೇಕಾದ ಸೊಸೆಯಂದಿರಿಗೆ ಇದು ಬರಿಯ ಪರಿಸರದ ಮಾತಲ್ಲ, ದಿನದ ಬವಣೆ.

ಮೂರು ವರ್ಷಗಳಿಂದ ನಾವು ಮಾಡಿನ ನೀರನ್ನು ಸೋಸಿ ಬಾವಿಗಿಳಿಸುತ್ತಿದ್ದೇವೆ. ಹಿಂದಿನ ಗುಡ್ಡದಲ್ಲಿ ನೆರೆಹೊರೆಯವರೊಡನೆ ಇಂಗುಗುಂಡಿಗಳನ್ನು ತೋಡಿದ್ದೇವೆ. ಬಾವಿ ಈಗ ಏಪ್ರಿಲ್ ನಡುವಿನವರೆಗೆ ನಿಲ್ಲುತ್ತದೆ. ಮಂಗಳೂರಿಗೆ ಕುಡಿಯುವ ನೀರು ಹೋಗುವುದು ಬಂಟ್ವಾಳ ತಾಲೂಕಿನ ತುಂಬೆಯ ಅಣೆಕಟ್ಟಿನಿಂದ. ಮೇಲಿನ ಗುಡ್ಡದಲ್ಲಿ ಇಂಗಿದ ಹನಿ ಎಲ್ಲಿಯದೋ ಮಗುವಿನ ಬಟ್ಟಲನ್ನು ಸೇರೀತು. ಸಹೃದಯ ಓದುಗರು ಈ ಮಳೆಗಾಲಕ್ಕೆ ಮುನ್ನ ತಮ್ಮ ಮನೆಯ ಅಂಗಳದಿಂದ ನೀರು ಎತ್ತ ಹರಿದು ಹೋಗುತ್ತದೆಂದು ಒಮ್ಮೆ ನಿಂತು ನೋಡಬೇಕೆಂದು ನಮ್ಮ ಬಿನ್ನಹ.